ಪಕ್ಕದೂರಿನ ವೈದ್ಯ

ಮನುಷ್ಯನಿಗೆ ಒಟ್ಟು ಎಷ್ಟು ಭಾವನೆಗಳಿವೆ ಎಂದು ಯಾರಾದರೂ ಕೇಳಿದರೆ ತಡವರಿಸಬೇಡಿ. ಆರು. ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಆಶ್ಚರ್ಯ. ಈ ಆರರ ಕೈಗೂ ಸಿಕ್ಕದೆ ನುಣುಚಿಕೊಳ್ಳುವ ಸಂದರ್ಭಗಳಿಗಾಗಿ ಕಂಪ್ಯೂಟರಿನಲ್ಲಿ ಏಳನೆಯದೊಂದು ಗುಂಡಿ ಇದೆ, ಅದರ ಮೇಲೆ 'ಯಾವುದೂ ಅಲ್ಲ' ಎಂದು ಬರೆದಿದೆ. ಇದನ್ನು ನಾನು ಶಾಸ್ತ್ರ ಓದಿ ಹೇಳುತ್ತಿಲ್ಲ, ಇದು ನನ್ನ ಉದ್ಯೋಗ. ಹೈಸ್ಕೂಲಿನ ಕನ್ನಡ ಮೇಷ್ಟರಾಗಿ ನಿವೃತ್ತನಾದವನು ನಾನು. ಸರ್ವಿಸ್ಸಿನ ಉದ್ದಕ್ಕೂ ರಸಗಳು ಒಂಬತ್ತು ಎಂದು ಬೋರ್ಡಿನ ಮೇಲೆ ಬರೆದು, ಒಂಬತ್ತನ್ನೂ ಹೇಳಲು ಬಾರದ ಮಕ್ಕಳ ಕಿವಿ ಹಿಂಡಿ, ಕೊನೆಗೆ ಈ ವಯಸ್ಸಿನಲ್ಲಿ ಆರಕ್ಕೆ ರಾಜಿಯಾದೆ. ಮೊದಲ ದಿನ, ಈ ಕೆಲಸ ಕೊಟ್ಟ ಇಂದಿರಾನಗರದ ಕಂಪ್ಯೂಟರ್ ಆಫೀಸಿನಲ್ಲಿ, ನಾನು ಜಗಳವನ್ನೇನೋ ತೆಗೆದೆ. ನಮ್ಮ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲ ಅಲ್ಲೇ ಎಲ್ಲೋ ಇತ್ತೆಂದು ಅಪ್ಪ ತೋರಿಸುತ್ತಿದ್ದರು, ಹಾಗಾಗಿ ಆ ಕಡೆ ಹೋದಾಗ ನನಗೆ ದನಿ ಸ್ವಲ್ಪ ಏರುತ್ತದೆ. "ಕರುಣ ಎಲ್ಲಿ ಹೋಯ್ತಪ್ಪಾ?" ಎಂದೆ. ಕೆಲಸದ ಮುಖ್ಯಸ್ಥ ರೋಹಿತ್, ನನ್ನ ಶಿಷ್ಯರಷ್ಟೇ ವಯಸ್ಸಿನ ಹುಡುಗ, ಬಹಳ ಮರ್ಯಾದೆಯಿಂದ, "ಅದನ್ನ ದುಃಖದ ಜೊತೆ ಮರ್ಜ್ ಮಾಡಿದೀವಿ ಸರ್," ಎಂದ. "ಶಾಂತ?" "ಅದು 'ಯಾವುದೂ ಅಲ್ಲ'ದಲ್ಲಿ ಕವರ್ ಆಗುತ್ತೆ ಸರ್." ಆಮೇಲೆ ನಾನು ಶೃಂಗಾರದ ಬಗ್ಗೆ ಕೇಳಲಿಲ್ಲ.

ಕೆಲಸ ಇಷ್ಟು. ಮಕ್ಕಳ ಕತೆಗಳನ್ನು ಕಂಪ್ಯೂಟರಿನಲ್ಲಿ ವಾಕ್ಯವಾಕ್ಯವಾಗಿ ಬಿಡಿಸಿ ಕೊಡುತ್ತಾರೆ. ಒಂದೊಂದು ವಾಕ್ಯ ಓದಿ, ಅದರಲ್ಲಿ ಯಾವ ಭಾವನೆ ಇದೆಯೋ ಆ ಗುಂಡಿ ಒತ್ತಬೇಕು. ಕಂಪ್ಯೂಟರು ಅದನ್ನೆಲ್ಲ ಕೂಡಿಸಿ, ಕತೆಯ ಮೊದಲಿನಿಂದ ಕೊನೆಯವರೆಗೆ ಒಂದು ಗೆರೆ ಎಳೆಯುತ್ತದೆ. ಸಂತೋಷ ಬಂದಲ್ಲಿ ಗೆರೆ ಮೇಲೇರುತ್ತದೆ, ದುಃಖವೋ ಭಯವೋ ಬಂದಲ್ಲಿ ಕೆಳಗಿಳಿಯುತ್ತದೆ. ನಮ್ಮಂಥವರು ಸಾಕಷ್ಟು ಕತೆಗಳಿಗೆ ಗುರುತು ಹಾಕಿಕೊಟ್ಟರೆ ಮುಂದೆ ಅದು ತಾನಾಗಿಯೇ ಹೊಸ ಕತೆ ಓದಿ, ಮಗುವಿಗೆ ಎಲ್ಲಿ ಅಳು ಬರುತ್ತದೆ, ಎಲ್ಲಿ ನಗು ಬರುತ್ತದೆ ಎಂದು ಹೇಳಬಲ್ಲದಂತೆ. ಇದಕ್ಕೊಂದು ಕಟ್ಟುನಿಟ್ಟಾದ ನಿಯಮವಿದೆ. ಒಂದೇ ಕತೆ ಇಬ್ಬರ ಹತ್ತಿರ ಹೋಗುತ್ತದೆ. ಗುರುತು ಹಾಕುವಾಗ ಒಬ್ಬರನ್ನೊಬ್ಬರು ಕೇಳುವಂತಿಲ್ಲ, ಮನೆಯಲ್ಲಿ ಯಾರನ್ನೂ ಕೇಳುವಂತಿಲ್ಲ. ಇಬ್ಬರೂ ಬೇರೆ ಬೇರೆ ಗುಂಡಿ ಒತ್ತಿದ ವಾಕ್ಯಗಳನ್ನು ಮಾತ್ರ ಆಮೇಲೆ ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಕಾರಣ ಹೇಳಿ ಇತ್ಯರ್ಥ ಮಾಡಿಕೊಳ್ಳಬೇಕು. ನನ್ನ ಮದುವೆಯ ಮಾತುಕತೆಯಲ್ಲೂ ನಮ್ಮ ಹಿರಿಯರು ಇಷ್ಟು ಎಚ್ಚರ ವಹಿಸಿರಲಿಲ್ಲ. ನನ್ನ ಜೊತೆಗಾತಿ ಶಬಾನಾ, ಶಿವಾಜಿನಗರದ ಹುಡುಗಿ. ಮನೆಯಲ್ಲಿ ಮಾತಾಡುವುದು ಉರ್ದು, ಓದಿದ್ದು ಕನ್ನಡ ಎಂ.ಎ. ಅವಳ ಕನ್ನಡ ನನ್ನದಕ್ಕಿಂತ ಚೊಕ್ಕವಾಗಿದೆ ಎಂದು ನನಗೆ ಮೊದಲ ವಾರವೇ ಗೊತ್ತಾಯಿತು, ಒಪ್ಪಿಕೊಳ್ಳಲು ಸ್ವಲ್ಪ ತಡವಾಯಿತು.

ಮನೆಯಲ್ಲಿ ಯಾರನ್ನೂ ಕೇಳಬಾರದು ಎಂಬ ನಿಯಮವನ್ನು ನಾನು ಮುರಿದೆ. ಅದಕ್ಕೆ ಕಾರಣ ನನ್ನ ಗಂಟಲು. ಮೇಷ್ಟರಾದವನಿಗೆ ಮನಸ್ಸಿನಲ್ಲೇ ಓದುವುದು ಎಂದರೆ ಓದದೇ ಇದ್ದಂತೆ. ಗಟ್ಟಿಯಾಗಿ ಓದಿದರೇ ಅದರಲ್ಲಿ ದುಃಖವಿದೆಯೋ ಭಯವಿದೆಯೋ ನನಗೆ ತಿಳಿಯುವುದು. ಲಿಂಗರಾಜಪುರದ ನಮ್ಮ ಮನೆಗಿರುವುದು ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ಹಾಲಿನ ದಿವಾನದ ಮೇಲೆ ನನ್ನ ಹೆಂಡತಿ ಜಯಾ ಮಲಗಿರುತ್ತಿದ್ದಳು. ನಾನು ಊಟವಾದ ಮೇಲೆ ಅಲ್ಲೇ ಕುರ್ಚಿ ಹಾಕಿಕೊಂಡು, ಕಂಪ್ಯೂಟರನ್ನು ಸ್ಟೂಲಿನ ಮೇಲಿಟ್ಟು, ಎಂಟನೇ ಕ್ಲಾಸಿಗೆ ಪಾಠ ಮಾಡುವ ದನಿಯಲ್ಲಿ ಶುರು ಮಾಡುತ್ತಿದ್ದೆ. ಮೊದಮೊದಲು ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ, ಕುಂಬಾರನ ಮಡಕೆಯನ್ನು ನರಿ ಒಡೆದ ವಾಕ್ಯಕ್ಕೆ ನಾನು ದುಃಖವೋ ಕೋಪವೋ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ಕಣ್ಣು ಮುಚ್ಚಿಕೊಂಡೇ "ಕೋಪ ರೀ," ಎಂದಳು. "ಆಗತಾನೇ ಮಾಡಿಟ್ಟ ಮಡಕೆ. ಅಳು ಆಮೇಲೆ ಬರುತ್ತೆ." ಹೌದಲ್ಲ ಅನ್ನಿಸಿತು. ಅವತ್ತಿನಿಂದ ನಾನು ಓದುವುದು, ಅವಳು ಹೇಳುವುದು, ನಾನು ಒತ್ತುವುದು ಎಂದು ಆಯಿತು. ಆಫೀಸಿನಲ್ಲಿ ನನ್ನ ಕೆಲಸ ಬಹಳ ಚೆನ್ನಾಗಿದೆ ಎಂದರು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿಯೇ ಇದು, ಕೆಲಸ ಅವಳದು, ಹೆಸರು ನನ್ನದು.

ಜಯಾ ಯಾಕೆ ದಿವಾನದ ಮೇಲೆ ಮಲಗಿರುತ್ತಿದ್ದಳು ಎಂದು ಇಲ್ಲಿ ಹೇಳಲೇಬೇಕು. ಅವಳ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಕ್ಯಾನ್ಸರ್. ಡಾಕ್ಟರು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಲು ಹೇಳಿ, ನನ್ನನ್ನೂ ನಮ್ಮ ಮಗ ಪ್ರಶಾಂತನನ್ನೂ ಒಳಗೆ ಕರೆದು, ಕೈ ಮೀರಿದೆ ಎಂದರು. ಪ್ರಶಾಂತ ಕೆ.ಆರ್. ಪುರದಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡು ಅಲ್ಲೇ ಸಂಸಾರ ಮಾಡಿಕೊಂಡಿದ್ದಾನೆ, ವ್ಯಾಪಾರದವನು, ಬೇಗ ತೀರ್ಮಾನ ಮಾಡುತ್ತಾನೆ. ಕಾರಿಡಾರಿನಲ್ಲೇ ಕಣ್ಣೊರೆಸಿಕೊಂಡು, "ಅಪ್ಪಾ, ಅಮ್ಮಂಗೆ ಹೇಳೋದು ಬೇಡ. ಗೊತ್ತಾದ್ರೆ ಅಲ್ಲೇ ಕುಸಿದೋಗ್ತಾರೆ. ಅಲ್ಸರ್ ಅಂತ ಹೇಳೋಣ," ಎಂದ. ನಾನು ಒಪ್ಪಿದೆ. ನಮ್ಮ ಕಡೆ ಇದು ಹೊಸದೇನಲ್ಲ. ಕಾಯಿಲೆ ಬಂದವರೊಬ್ಬರನ್ನು ಬಿಟ್ಟು ಉಳಿದ ಇಡೀ ಊರಿಗೆ ಕಾಯಿಲೆಯ ಹೆಸರು ಹೇಳುವುದು ನಮ್ಮಲ್ಲಿ ಪ್ರೀತಿಯ ಒಂದು ರೀತಿ. ನೆಂಟರಿಗೆ ಗೊತ್ತು, ಅಕ್ಕಪಕ್ಕದವರಿಗೆ ಗೊತ್ತು, ರಸೆಲ್ ಮಾರುಕಟ್ಟೆಯಲ್ಲಿ ನನಗೆ ದಾಳಿಂಬೆ ಆರಿಸಿಕೊಡುವವನಿಗೂ ಗೊತ್ತು. ಮನೆಗೆ ಬಂದವರೆಲ್ಲ ಹಣ್ಣಿನ ಚೀಲ ಇಟ್ಟು, ಅವಳ ಮುಖ ನೋಡದೆ ಸೀರೆ ನೋಡಿ, ಬಣ್ಣ ಚೆನ್ನಾಗಿದೆ ಎನ್ನುತ್ತಿದ್ದರು. "ಇದೇನ್ರೀ," ಎಂದು ಒಂದು ದಿನ ಜಯಾ ಕೇಳಿದಳು, "ಮಗನ ಮದುವೇಲಿ ರೇಷ್ಮೆ ಉಟ್ಟಾಗ ಒಬ್ಬರೂ ತಿರುಗಿ ನೋಡ್ಲಿಲ್ಲ. ಈಗ ಈ ಹಳೇ ವಾಯಲ್ ಸೀರೆ ಮೇಲೆ ಎಲ್ಲರಿಗೂ ಕಣ್ಣು." ಒಂದಿಷ್ಟು ಔಷಧಿ ಹಾಕಿದಾಗ ಅವಳ ಕೂದಲು ಉದುರಿತು. ಅಲ್ಸರ್ ಔಷಧಿಗೆ ಹಾಗಾಗುತ್ತದೆ ಎಂದು ಪ್ರಶಾಂತ ಗಂಭೀರವಾಗಿ ವಿವರಿಸಿದ. ಅವಳು ತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು, ಹೌದಾ ಎಂದಳು.

ಸುಳ್ಳು ಹೇಳುವುದು ಒಂದು ಸಲದ ಕೆಲಸವಾದರೆ ಯಾರು ಬೇಕಾದರೂ ಹೇಳಬಹುದು. ದಿನಾ ಬೆಳಿಗ್ಗೆ ಎದ್ದು ಅದಕ್ಕೆ ನೀರು ಹಾಕಿ ಬೆಳೆಸಬೇಕಾದಾಗ ಕಷ್ಟ ಗೊತ್ತಾಗುತ್ತದೆ. ನಾವಿಬ್ಬರೂ ಒಟ್ಟಿಗಿರಲು ಉಳಿದಿದ್ದ ಕಾಲ ಕಡಿಮೆ ಎಂದು ನನಗೆ ಗೊತ್ತಿತ್ತು. ಆ ಕಾಲವನ್ನೆಲ್ಲ ನಾನು ನಟನೆಗೇ ಖರ್ಚು ಮಾಡುತ್ತಿದ್ದೆ. ಕೇಳಬೇಕಾದದ್ದು ಬೇಕಾದಷ್ಟಿತ್ತು, ಹೇಳಬೇಕಾದದ್ದು ಇನ್ನೂ ಹೆಚ್ಚಿತ್ತು, ಒಂದನ್ನೂ ಬಾಯಿಬಿಟ್ಟು ಆಡುವಂತಿರಲಿಲ್ಲ, ಆಡಿದರೆ ಇದೇನು ಇವರು ಈಗ ಇದನ್ನೆಲ್ಲ ಮಾತಾಡುತ್ತಿದ್ದಾರೆ ಎಂದು ಅವಳಿಗೆ ಅನುಮಾನ ಬರುತ್ತಿತ್ತು. ಹಾಗಾಗಿ ನಾವು ಹಾಲಿನವನ ಬಗ್ಗೆ, ಬೀದಿಯಲ್ಲಿ ಅಗೆದು ಮುಚ್ಚದೆ ಬಿಟ್ಟ ಗುಂಡಿಯ ಬಗ್ಗೆ ಮಾತಾಡುತ್ತಿದ್ದೆವು. ಧೈರ್ಯವಾಗಿ ಮಾತಾಡಲು ಉಳಿದಿದ್ದದ್ದು ಕತೆ ಓದುವ ಹೊತ್ತು ಮಾತ್ರ. ಮಕ್ಕಳ ಕತೆಯಲ್ಲಿ ಏನಿರುತ್ತದೆ, ಮೊಲ, ಗಿಳಿ, ರಾಜಕುಮಾರಿ ಎಂದುಕೊಂಡಿದ್ದೆ.

ಮಕ್ಕಳ ಕತೆಗಳಲ್ಲಿ ಇರುವಷ್ಟು ಸಾವು ದಿನಪತ್ರಿಕೆಯಲ್ಲೂ ಇರುವುದಿಲ್ಲ ಎಂದು ಆಗ ನನಗೆ ತಿಳಿಯಿತು. ಬರೆದವರಿಗೆ ತಾಯಂದಿರ ಮೇಲೆ ಏನು ಸೇಡೋ ಕಾಣೆ. ರಾಜಕುಮಾರಿಯ ತಾಯಿ ಮೊದಲ ಸಾಲಿನಲ್ಲೇ ಹೋಗಿರುತ್ತಾಳೆ. ಮರಿ ಆನೆಯ ತಾಯಿ ಕೆಸರಿನಲ್ಲಿ ಹೂತುಹೋಗುತ್ತದೆ. ಅಜ್ಜಿಯಂತೂ ಮೊಮ್ಮಗನಿಗೆ ಒಂದು ಒಳ್ಳೆಯ ಬುದ್ಧಿಮಾತು ಹೇಳಿದಳೆಂದರೆ ಮುಂದಿನ ವಾಕ್ಯದಲ್ಲಿ ಬದುಕಿರುವುದಿಲ್ಲ. ಮೊದಲ ಬಾರಿ ನಾನು ಸಿಕ್ಕಿಬಿದ್ದದ್ದು ಒಂದು ಜಿಂಕೆಯ ಕತೆಯಲ್ಲಿ. ತಾಯಿ ಜಿಂಕೆಗೆ ಬೇಟೆಗಾರನ ಬಾಣ ತಗುಲಿದೆ, ಮರಿ ಪಕ್ಕದಲ್ಲಿ ನಿಂತಿದೆ. ಓದುವಾಗ ಬಾಯಿ ಒಂದು ಸಾಲಿನಲ್ಲಿದ್ದರೆ ಕಣ್ಣು ಮುಂದಿನ ಸಾಲಿನಲ್ಲಿರುವುದು ಮೇಷ್ಟರುಗಳ ಅಭ್ಯಾಸ. ಮುಂದಿನ ಸಾಲು ನೋಡಿದೆ. 'ತಾಯಿ ಜಿಂಕೆ ಮರಿಯ ಮೈ ನೆಕ್ಕುತ್ತಾ ನೆಕ್ಕುತ್ತಾ ಕಣ್ಣು ಮುಚ್ಚಿತು' ಎಂದಿತ್ತು. ಜಯಾ ನನ್ನ ಕಡೆಗೇ ಮುಖ ಮಾಡಿ ಮಲಗಿದ್ದಳು. ನನ್ನ ಬಾಯಿಂದ ಆ ವಾಕ್ಯ ಬರಲಿಲ್ಲ. "ಅಷ್ಟರಲ್ಲಿ ಪಕ್ಕದೂರಿನ ವೈದ್ಯನೊಬ್ಬ ಆ ದಾರಿಯಾಗಿ ಬಂದ. ಜೋಳಿಗೆಯಿಂದ ಒಂದು ಬೇರು ತೆಗೆದು, ಅರೆದು ಹಚ್ಚಿದ. ತಾಯಿ ಜಿಂಕೆ ಎದ್ದು ನಿಂತಿತು," ಎಂದು ಓದಿಬಿಟ್ಟೆ. ಜಯಾ, "ಸಂತೋಷ," ಎಂದಳು. ನನ್ನ ಬೆರಳು ಅಭ್ಯಾಸಬಲದಿಂದ ಸಂತೋಷದ ಗುಂಡಿ ಒತ್ತಿತು.

ಅಲ್ಲಿಂದ ಆ ವೈದ್ಯನಿಗೆ ಬಿಡುವಿಲ್ಲದಂತಾಯಿತು. ಕೆಸರಿನ ಆನೆಗೆ ಅವನೇ ಬಂದ, ಬುದ್ಧಿಮಾತಿನ ಅಜ್ಜಿಗೂ ಅವನೇ ಬಂದ. ಬೇರು ಒಂದೇ, ಅರೆಯುವ ರೀತಿಯೂ ಒಂದೇ. ಬೇರೆ ಯಾರನ್ನಾದರೂ ಕಳಿಸೋಣವೆಂದರೆ ಆ ಗಳಿಗೆಯಲ್ಲಿ ನನ್ನ ತಲೆಗೆ ಇನ್ನೊಬ್ಬ ಹೊಳೆಯುತ್ತಿರಲಿಲ್ಲ. ಮಕ್ಕಳ ಪ್ರಬಂಧದಲ್ಲಿ ಕಲ್ಪನೆ ಸಾಲದು ಎಂದು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದವನ ಪಾಡು ಅದು. ಒಂದು ಕತೆಯಲ್ಲಿ ನಡುಸಮುದ್ರದಲ್ಲಿ ಹಡಗು ಒಡೆದು ನಾವಿಕ ಸಾಯುತ್ತಾನೆ. ಅಲ್ಲಿಗೂ ವೈದ್ಯ ಪಕ್ಕದೂರಿನಿಂದಲೇ ಬಂದ. ಜಯಾ ಅದಕ್ಕೂ ಸಂತೋಷ ಎಂದಳು. ಈ ಬದುಕಿಸುವ ಕೆಲಸದಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ, ಗುಂಡಿ ಒತ್ತುತ್ತಿರುವುದು ನಾನು ಹೇಳಿದ ಕತೆಗಲ್ಲ, ಪರದೆಯ ಮೇಲಿರುವ ಕತೆಗೆ ಎಂಬುದೇ ನನಗೆ ಮರೆತುಹೋಗಿತ್ತು.

ಆಫೀಸಿಗೆ ಮರೆತಿರಲಿಲ್ಲ. ರೋಹಿತ್ ಫೋನು ಮಾಡಿ, "ಸರ್, ಒಂದ್ಸಲ ಬಂದ್ಹೋಗಿ, ಡೇಟಾ ಸ್ವಲ್ಪ ವಿಚಿತ್ರವಾಗಿದೆ," ಎಂದ. ಹೋದೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎರಡು ಗೆರೆ ತೋರಿಸಿದ. ನೀಲಿ ಗೆರೆ ಶಬಾನಾಳದು, ಕೆಂಪು ನನ್ನದು. ಕತೆಯ ಆರಂಭದಿಂದ ಎರಡೂ ಅಣ್ಣ ತಂಗಿಯ ಹಾಗೆ ಜೊತೆಯಲ್ಲೇ ಹೋಗುತ್ತಿದ್ದವು. ಕೊನೆ ಹತ್ತಿರವಾದಂತೆ ನೀಲಿ ಗೆರೆ ಪಾತಾಳಕ್ಕೆ ಇಳಿದರೆ, ಕೆಂಪು ಗೆರೆ ಚಾವಣಿ ಮುಟ್ಟುವಂತೆ ಮೇಲೇರಿತ್ತು. ಇನ್ನೊಂದು ಕತೆ ತೆಗೆದ, ಹಾಗೇ ಇತ್ತು. ಮತ್ತೊಂದು, ಅದೂ ಹಾಗೇ. "ಸರ್, ಬೇಜಾರು ಮಾಡ್ಕೋಬೇಡಿ," ಎಂದ ರೋಹಿತ್, ಬಹಳ ಮೆಲ್ಲಗೆ. "ನಿಮ್ಮ ಲೇಬಲ್ ಪ್ರಕಾರ ಕತೇಲಿ ತಾಯಿ ಸತ್ತಾಗೆಲ್ಲ ಖುಷಿ. ಅಜ್ಜಿ ಸತ್ರೆ ಇನ್ನೂ ಖುಷಿ. ಹಡಗು ಮುಳುಗಿದ್ರೂ ಖುಷಿ. ಈ ಡೇಟಾ ಮೇಲೆ ಟ್ರೇನ್ ಮಾಡಿದ್ರೆ ಸಿಸ್ಟಮ್ಮು, ಯಾರಾದ್ರೂ ಸತ್ರೆ ಮಕ್ಕಳು ನಗ್ತಾರೆ ಅಂತ ಕಲಿಯುತ್ತೆ." ಸುತ್ತಲಿದ್ದ ಹುಡುಗ ಹುಡುಗಿಯರು ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ಆಶ್ಚರ್ಯವೋ ಭಯವೋ ಎಂದು ನಾನು ನನ್ನ ವೃತ್ತಿಯ ಪ್ರಕಾರ ಯೋಚಿಸಿದೆ, ಭಯ ಎಂದೇ ತೀರ್ಮಾನವಾಯಿತು. ಹೆಂಡತಿಯ ಮುಂದೆ ಸಾವಿನ ವಾಕ್ಯ ಓದಲಾರದೆ ಕತೆ ಬದಲಾಯಿಸಿದೆ ಎಂದು ಅಷ್ಟು ಜನರ ನಡುವೆ ಹೇಗೆ ಹೇಳಲಿ? "ಕಣ್ಣಿಗೆ ಪೊರೆ ಬಂದಿದೆಯಪ್ಪಾ," ಎಂದುಬಿಟ್ಟೆ. ಅವನಿಗೆ ಪಾಪ ಅನ್ನಿಸಿತು. "ಹಾಗಾದ್ರೆ ನೀವು ಇಷ್ಟು ದೂರ ಬರೋದೇ ಬೇಡ ಸರ್. ಭಿನ್ನವಾಗಿರೋ ವಾಕ್ಯಗಳನ್ನ ಶಬಾನಾ ನಿಮ್ಮ ಮನೆಗೇ ತಂದು ಗಟ್ಟಿಯಾಗಿ ಓದ್ತಾಳೆ, ನೀವು ಕೇಳಿ ಹೇಳಿದ್ರೆ ಸಾಕು," ಎಂದ. ಬೇಡವೆಂದು ಹೇಳಲು ಪೊರೆ ಬಂದ ಮನುಷ್ಯನಿಗೆ ಯಾವ ನೆಪವೂ ಇರಲಿಲ್ಲ.

ಶಬಾನಾ ಬರುವ ದಿನ ನಾನು ಜಯಾಳನ್ನು ರೂಮಿನಲ್ಲಿ ಮಲಗಿಸಿ, ಫ್ಯಾನು ಜೋರು ಮಾಡಿ, ಬಾಗಿಲು ಮುಂದೆ ಮಾಡಿ ಬಂದೆ. ಹುಡುಗಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಜಯಾ ಗೋಡೆ ಹಿಡಿದುಕೊಂಡು ಹಾಲಿಗೆ ಬಂದಾಗಿತ್ತು. "ಮನೆಗೆ ಹೆಣ್ಣುಮಗು ಬಂದಿದೆ, ನಾನ್ಯಾಕೆ ಕಳ್ಳಿ ಥರ ಒಳಗಿರ್ಲಿ?" ಎಂದು ದಿವಾನದ ಮೇಲೆ ಕೂತಳು. ಶಬಾನಾಗೆ ನಮ್ಮ ಮನೆಯ ಸಂಗತಿ ಏನೂ ಗೊತ್ತಿರಲಿಲ್ಲ. ಟಿ.ವಿ. ಪಕ್ಕದಲ್ಲಿ ಸಾಲಾಗಿದ್ದ ಔಷಧಿಯ ಸೀಸೆಗಳನ್ನೂ ಜಯಾಳ ತಲೆಯ ಬಟ್ಟೆಯನ್ನೂ ಅವಳು ಒಮ್ಮೆ ನೋಡಿ, ಮುಂದೇನೂ ಕೇಳದೆ ಕೂತಳು. "ಗಟ್ಟಿಯಾಗಿ ಬೇಡಮ್ಮ, ನನ್ನ ಕಿವಿ ಚೆನ್ನಾಗಿದೆ," ಎಂದೆ. "ರೂಲ್ಸ್ ಅಲ್ವಾ ಸರ್," ಎಂದು ಅವಳು ನಕ್ಕು, ಸ್ಪಷ್ಟವಾಗಿ, ಒಂದೊಂದು ಅಕ್ಷರಕ್ಕೂ ನ್ಯಾಯ ಸಲ್ಲಿಸುತ್ತಾ ಓದಿದಳು. "ತಾಯಿ ಜಿಂಕೆ ಮರಿಯ ಮೈ ನೆಕ್ಕುತ್ತಾ ನೆಕ್ಕುತ್ತಾ ಕಣ್ಣು ಮುಚ್ಚಿತು. ನಾನು ದುಃಖ ಹಾಕಿದೀನಿ ಸರ್, ನೀವು ಸಂತೋಷ ಹಾಕಿದೀರ. ಯಾಕೆ ಸರ್?"

ನಾನು ಫ್ಯಾನು ನೋಡಿದೆ. ಉತ್ತರ ಬಂದದ್ದು ದಿವಾನದಿಂದ. "ಯಾಕೆ ಅಂದ್ರೆ ಅಲ್ಲಿಗೆ ವೈದ್ಯ ಬರ್ತಾನೆ ಕಣಮ್ಮ," ಎಂದಳು ಜಯಾ.

ಶಬಾನಾ ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದಳು. "ಯಾವ ವೈದ್ಯ ಆಂಟಿ? ಈ ಕತೇಲಿ ಇಲ್ವಲ್ಲ."

"ಪಕ್ಕದೂರಿನವನು. ಜೋಳಿಗೆ ಹಾಕ್ಕೊಂಡು ಎಲ್ಲ ಕತೆಗೂ ಬರ್ತಾನೆ. ಸಮುದ್ರಕ್ಕೂ ಹೋಗಿದ್ದ ಒಂದ್ಸಲ. ಲಿಂಗರಾಜಪುರಕ್ಕೆ ಮಾತ್ರ ದಾರಿ ಗೊತ್ತಾಗ್ಲಿಲ್ಲ ಅವನಿಗೆ."

ಶಬಾನಾ ಬುದ್ಧಿವಂತೆ, ಅವಳಿಗೆ ಅರ್ಥವಾಯಿತು, ಕಂಪ್ಯೂಟರು ಮುಚ್ಚಲು ಹೋದಳು. ಜಯಾ ಬಿಡಲಿಲ್ಲ. "ಮುಚ್ಬೇಡ, ಓದು. ನೀನು ಇದ್ದಿದ್ದನ್ನ ಇದ್ದಹಾಗೆ ಓದ್ತೀಯ. ಇವರು ಸಂತೋಷ ಒತ್ತಿದ್ದು ನಾನು ಹೇಳಿದ್ದಕ್ಕೆ. ಹಾಗಾಗಿ ಇತ್ಯರ್ಥಾನೂ ನಾನೇ ಮಾಡ್ತೀನಿ. ನೀನು ದುಃಖ ಅಂತ ಯಾಕೆ ಹಾಕ್ದೆ?" ಶಬಾನಾ ತಡವರಿಸಿ, "ತಾಯಿ ಸಾಯುತ್ತಲ್ಲ ಆಂಟಿ," ಎಂದಳು. "ದುಃಖ ಮರಿದು, ಅದೂ ಆಮೇಲೆ. ಈ ವಾಕ್ಯದಲ್ಲಿ ಇನ್ನೂ ತಾಯಿ ಇದ್ದಾಳೆ. ನೆಕ್ತಾ ಇದ್ದಾಳಲ್ಲ. ಅವಳಿಗೆ ಇರೋದು ಭಯ. ಈ ಮರಿಗೆ ಯಾವ ಹುಲ್ಲು ತಿನ್ಬೇಕು, ಯಾವುದು ತಿನ್ಬಾರ್ದು ಅಂತ ಕೂಡ ಗೊತ್ತಿಲ್ಲ, ನಾಳೆಯಿಂದ ಏನು ಮಾಡುತ್ತೋ ಅಂತ," ಎಂದು ಜಯಾ ನನ್ನ ಕಡೆ ನೋಡಿದಳು. ಅವತ್ತು ಬೆಳಿಗ್ಗೆ ನಾನು ಮಾಡಿದ್ದ ಉಪ್ಪಿಟ್ಟು ಇನ್ನೂ ಅವಳ ತಟ್ಟೆಯಲ್ಲೇ ಇತ್ತು. ಶಬಾನಾ ಭಯದ ಗುಂಡಿ ಒತ್ತಿದಳು. ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ಎದುರಿಗಿದ್ದರೂ ಕಾಣದೆ ನಿಂತಿದ್ದೆ. ಹೋಗುವಾಗ ಶಬಾನಾ ಜಯಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಫೀಸಿನಲ್ಲಿ ಅವಳು ಹೇಳಿದ್ದು, ಹೌದು, ಮೇಷ್ಟರಿಗೆ ಪೊರೆ ಬಂದಿದೆ ಎಂದಷ್ಟೇ.

ಅವಳು ಹೋದ ಮೇಲೆ ನಾನು ಜಯಾಳ ಕಾಲ ಹತ್ತಿರ ಕೂತು, "ಯಾವಾಗಿಂದ ಗೊತ್ತು ನಿಂಗೆ?" ಎಂದು ಕೇಳಿದೆ. "ಆಸ್ಪತ್ರೇಲಿ ನನ್ನ ಬೆಂಚ್ ಮೇಲೆ ಕೂರಿಸಿ ಅಪ್ಪ ಮಗ ಒಳಗೆ ಹೋದ್ರಲ್ಲ, ಅವತ್ತಿಂದ," ಎಂದಳು. "ಎದುರು ಬಾಗಿಲ ಮೇಲೇ ಬೋರ್ಡಿತ್ತು, ಇದು ಯಾವ ಕಾಯಿಲೆ ವಿಭಾಗ ಅಂತ. ಮೂರು ಭಾಷೇಲಿ ಬರೆದಿದ್ರು ಕಣ್ರೀ. ಮೇಷ್ಟ್ರ ಹೆಂಡ್ತಿ, ಒಂದಾದ್ರೂ ಓದೋಕೆ ಬರಲ್ವಾ ನಂಗೆ?" ನಾವು ಡಾಕ್ಟರ ಬಾಯಿ ಮುಚ್ಚಿಸಿದ್ದೆವು, ನರ್ಸುಗಳಿಗೆ ಕೈಮುಗಿದಿದ್ದೆವು, ಔಷಧಿಯ ಚೀಟಿಗಳನ್ನು ಬೀರುವಿನ ಮೇಲೆ ಅಡಗಿಸಿದ್ದೆವು. ಬಾಗಿಲ ಮೇಲೆ ಮೊಳದುದ್ದದ ಅಕ್ಷರವಿದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. "ಮತ್ತೆ ಯಾಕೆ ಹೇಳ್ಲಿಲ್ಲ?" ಎಂದೆ. "ನೀವಿಬ್ರೂ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ. ಹಾಳುಮಾಡೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಆ ವೈದ್ಯ ಬರೋಕೆ ಶುರುಮಾಡಿದ. ಅವನು ಇನ್ನೂ ಎಲ್ಲೆಲ್ಲಿಗೆ ಹೋಗ್ತಾನೆ ನೋಡೋಣ ಅನ್ನಿಸ್ತು." ನಾನು ಅತ್ತೆ. ದೊಡ್ಡ ದನಿ ತೆಗೆದು, ಪಕ್ಕದ ಮನೆಗೆ ಕೇಳುವ ಹಾಗೆ ಅತ್ತೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟು, "ಇದು ದುಃಖ. ಇದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ," ಎಂದಳು.

ಅಲ್ಲಿಂದ ಮುಂದಿನ ದಿನಗಳಿಗೆ ಕಂಪ್ಯೂಟರು ಗೆರೆ ಎಳೆದರೆ ಹೇಗೆ ಎಳೆಯುತ್ತಿತ್ತೋ ನನಗೆ ತಿಳಿಯದು. ಅವಳ ಆರೋಗ್ಯ ದಿನದಿನಕ್ಕೂ ಇಳಿಯುತ್ತಿತ್ತು, ನಮ್ಮ ಮಾತು ದಿನದಿನಕ್ಕೂ ಏರುತ್ತಿತ್ತು. ಹಾಳಾಗಿದ್ದ ಕತೆಗಳನ್ನೆಲ್ಲ ಮತ್ತೆ ಮೊದಲಿಂದ, ಇದ್ದದ್ದು ಇದ್ದ ಹಾಗೆ ಓದಿದೆ. ಆನೆ ಸತ್ತಿತು, ಅಜ್ಜಿ ಸತ್ತಳು, ನಾವಿಕ ನೀರಿನಲ್ಲಿ ಮುಳುಗಿಹೋದ. ಜಯಾ ಒಂದೊಂದಕ್ಕೂ ತೀರ್ಪು ಕೊಟ್ಟಳು. ಬುದ್ಧಿಮಾತಿನ ಅಜ್ಜಿಯ ಸಾವಿಗೆ 'ಯಾವುದೂ ಅಲ್ಲ' ಎಂದಳು. "ಅವಳು ಹೇಳೋದೆಲ್ಲ ಹೇಳಿ ಆಯ್ತಲ್ಲ," ಎಂದು ಕಾರಣ ಕೊಟ್ಟಳು. ಕತೆ ಮುಗಿದ ಮೇಲೆ ನನ್ನನ್ನು ಅಡುಗೆಮನೆಗೆ ಕಳಿಸಿ, ದಿವಾನದ ಮೇಲಿಂದಲೇ ಸಾರು ಮಾಡಿಸುತ್ತಿದ್ದಳು. ಬೇಳೆ ಎಷ್ಟು ಬೇಯಬೇಕು, ಹುಣಸೆಹಣ್ಣು ಯಾವಾಗ ಹಾಕಬೇಕು, ಒಗ್ಗರಣೆಗೆ ಇಂಗು ಮರೆತರೆ ಏನಾಗುತ್ತದೆ ಎಂದು ಮೂಗಿನಲ್ಲೇ ಕಂಡುಹಿಡಿದು ಬೈಯುತ್ತಿದ್ದಳು. ಪ್ರಶಾಂತನ ವಿಷಯದಲ್ಲಿ ಮಾತ್ರ ಒಂದು ಆಜ್ಞೆ ಮಾಡಿದಳು. "ನಂಗೆ ಗೊತ್ತು ಅಂತ ಅವನಿಗೆ ಹೇಳ್ಬೇಡಿ. ಕುಸಿದೋಗ್ತಾನೆ." ಹಾಗಾಗಿ ಭಾನುವಾರ ಅವನು ಬಂದು, "ಅಲ್ಸರ್ ಕಮ್ಮಿಯಾಗ್ತಾ ಇದೆಯಮ್ಮ, ಡಾಕ್ಟ್ರು ಹೇಳಿದ್ರು," ಎಂದರೆ, ಅವಳು, "ಹೂಂ ಕಣಪ್ಪ, ಉರಿ ಎಷ್ಟೋ ವಾಸಿ," ಎನ್ನುತ್ತಿದ್ದಳು. ನಾನು ನಡುವೆ ಕೂತು ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ನಟನೆಯಲ್ಲಿ ಅವಳು ನನಗಿಂತ ಎಷ್ಟೋ ಮೇಲು ಎಂದು ಆಗ ಗೊತ್ತಾಯಿತು.

ಮಳೆ ಹಿಡಿಯುವ ಮೊದಲೇ ಜಯಾ ಹೋದಳು. ಬೆಳಗಿನ ಹೊತ್ತು, ಹಾಲಿನವನು ಬಂದು ಹೋದ ಮೇಲೆ. ಕೊನೆಯಲ್ಲಿ ಒಂದೆರಡು ದಿನ ಮಾತು ನಿಂತಿತ್ತು. ನಾನು ಕೈ ಹಿಡಿದುಕೊಂಡು ಕೂತಿದ್ದೆ, ಯಾವ ಬೇರೂ ಯಾವ ಜೋಳಿಗೆಯೂ ನನ್ನ ಹತ್ತಿರ ಇರಲಿಲ್ಲ. ಪ್ರಶಾಂತ ಗೋಳಾಡುತ್ತಾ, "ಪಾಪ, ಅಮ್ಮಂಗೆ ಕೊನೇವರ್ಗೂ ಗೊತ್ತೇ ಆಗ್ಲಿಲ್ಲ ಅಪ್ಪಾ, ಅದೊಂದೇ ಸಮಾಧಾನ," ಎಂದ. ಅವನ ತಲೆ ಸವರಿ, ಹೌದು ಕಣೋ ಎಂದೆ. ಅವಳ ಆಜ್ಞೆಯನ್ನು ನಾನು ಇವತ್ತಿಗೂ ಮೀರಿಲ್ಲ. ಅವನಿಗೆ ಇಂಥ ಬರಹಗಳನ್ನು ಓದುವ ಅಭ್ಯಾಸ ಇಲ್ಲದಿರುವುದರಿಂದ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಈಗ ಮತ್ತೆ ಕೆಲಸ ಮಾಡುತ್ತಿದ್ದೇನೆ. ನಿಯಮದ ಪ್ರಕಾರ, ಯಾರನ್ನೂ ಕೇಳದೆ. ಕೇಳಲು ಮನೆಯಲ್ಲಿ ಯಾರೂ ಇಲ್ಲದಿರುವುದರಿಂದ ನಿಯಮ ಪಾಲಿಸುವುದು ಬಹಳ ಸುಲಭವಾಗಿದೆ. ದಿವಾನದ ಎದುರಿಗೆ ಅದೇ ಕುರ್ಚಿ ಹಾಕಿಕೊಂಡು ಗಟ್ಟಿಯಾಗಿ ಓದುತ್ತೇನೆ, ಒಂದು ಗಳಿಗೆ ಕಾಯುತ್ತೇನೆ, ಆಮೇಲೆ ಒತ್ತುತ್ತೇನೆ. ನನ್ನ ಕೆಂಪು ಗೆರೆ ಶಬಾನಾಳ ನೀಲಿ ಗೆರೆಯ ಪಕ್ಕದಲ್ಲೇ ತಲೆತಗ್ಗಿಸಿಕೊಂಡು ಕೊನೆಯವರೆಗೂ ಹೋಗುತ್ತಿದೆಯಂತೆ. ಪೊರೆ ತೆಗೆಸಿದ್ದು ಒಳ್ಳೆಯದಾಯಿತು ಸರ್ ಎಂದು ರೋಹಿತ್ ಸಂತೋಷಪಟ್ಟ.

ಹೀಗೆ ಎಲ್ಲ ಸರಿಹೋಗಿದೆ ಎನ್ನುವಾಗ ಮೊನ್ನೆ ಒಂದು ಹೊಸ ಕತೆ ಬಂತು. ಕಾಡಂಚಿನ ಗುಡಿಸಲು, ಒಬ್ಬ ಹುಡುಗಿ, ಜ್ವರದಲ್ಲಿ ಮಲಗಿದ ಅವಳ ತಾಯಿ. ತಾಯಿಯ ಉಸಿರು ನಿಧಾನವಾಗುತ್ತದೆ. ಬರೆದವರ ಬುದ್ಧಿ ನನಗೆ ಗೊತ್ತಿದೆಯಲ್ಲ, ಮನಸ್ಸು ಗಟ್ಟಿ ಮಾಡಿಕೊಂಡು ಮುಂದಿನ ಸಾಲಿಗೆ ಕಣ್ಣು ಹಾಯಿಸಿದೆ. 'ಅಷ್ಟರಲ್ಲಿ ಪಕ್ಕದ ಹಳ್ಳಿಯಿಂದ ಒಬ್ಬ ವೈದ್ಯ ಚೀಲ ಹೆಗಲಿಗೇರಿಸಿಕೊಂಡು ಬಂದ' ಎಂದಿತ್ತು. ಕಣ್ಣು ತಪ್ಪಿತೇನೋ ಎಂದು ಕನ್ನಡಕ ಒರೆಸಿಕೊಂಡು ಓದಿದೆ. ಅವನೇ, ಲಿಂಗರಾಜಪುರಕ್ಕೆ ಮಾತ್ರ ದಾರಿ ಗೊತ್ತಾಗದವನು. ಬಂದ, ಬೇರು ಅರೆದ, ಕುಡಿಸಿದ, ತಾಯಿ ಎದ್ದು ಕೂತು ಮಗಳನ್ನು ಹತ್ತಿರ ಕರೆದಳು. ಗಟ್ಟಿಯಾಗಿಯೇ ಓದಿದೆ, ದಿವಾನದ ಕಡೆ ನೋಡಿಕೊಂಡು ರೂಢಿಯಂತೆ ಒಂದು ಗಳಿಗೆ ಕಾದೆ. ಆಮೇಲೆ ಕೋಪ ಎಂದು ಒತ್ತಿದೆ. ಶಬಾನಾ ಸಂತೋಷ ಎಂದು ಹಾಕಿದ್ದಾಳಂತೆ, ಲೋಕದಲ್ಲಿ ಯಾರನ್ನು ಕೇಳಿದರೂ ಹಾಗೇ ಹಾಕುತ್ತಾರೆ. ನಾಳೆ ಇತ್ಯರ್ಥಕ್ಕೆ ಮನೆಗೆ ಬರುತ್ತಾಳೆ. ಕಾರಣ ಕೇಳುತ್ತಾಳೆ, ಅದು ರೂಲ್ಸು. ನಾನು ಊಟಕ್ಕೆ ಇಲ್ಲೇ ಇರಲು ಹೇಳಿದ್ದೇನೆ. ಸಾರು ಮಾಡುತ್ತೇನೆ, ಇಂಗು ಮರೆಯುವುದಿಲ್ಲ, ಗುಂಡಿಯನ್ನು ಮಾತ್ರ ಬದಲಾಯಿಸುವುದಿಲ್ಲ.